ಅರಬಿ ಸಣ್ಣ ಕತೆ: ಕಿವಿಯಿಂದ ಕಣ್ಣಿಗೆ ಬಂದ ದಾರಿ

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಬೂಕರ್. ಅಷ್ಟೇ ಅಲ್ಲ, ಆ ಪ್ರಶಸ್ತಿ ಸಣ್ಣ ಕತೆಗಳ ಸಂಕಲನವೊಂದಕ್ಕೆ ಸಿಕ್ಕಿದ್ದೂ ಅದೇ ಮೊದಲು. ಆಮೇಲೆ ನನ್ನ ಸುತ್ತಲಿನ ಓದುಗರಲ್ಲಿ ಒಂದು ಕುತೂಹಲ ಹುಟ್ಟಿದೆ. ಬೇರೆ ಭಾಷೆಗಳ ಸಣ್ಣ ಕತೆ ಹೇಗಿರುತ್ತದೆ? ಅರಬಿಯಲ್ಲಿ ಹೇಗಿದೆ?

ಗಾಜಾ, ಸುಡಾನ್, ಸಿರಿಯಾ ಹೆಸರುಗಳು ದಿನಾ ಸುದ್ದಿಯಲ್ಲಿ ಕಿವಿಗೆ ಬೀಳುತ್ತವೆ. ನಮ್ಮ ಕರಾವಳಿಯಲ್ಲಂತೂ ಗಲ್ಫಿಗೆ ದುಡಿಯಲು ಹೋದವರು ಊರೂರಲ್ಲೂ ಇದ್ದಾರೆ. ಆದರೂ ಅರಬಿ ಕತೆ ಅಂದರೆ ನಮಗೆ ನೆನಪಾಗುವುದು ಅಲ್ಲಾವುದ್ದೀನ, ಆಲಿಬಾಬಾ. ಆ ಎರಡು ಕತೆಗಳು ‘ಸಾವಿರದೊಂದು ರಾತ್ರಿ’ಯ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇರಲೇ ಇಲ್ಲ. 18ನೇ ಶತಮಾನದ ಆರಂಭದಲ್ಲಿ ಆಂತ್ವಾನ್ ಗಲಾನ್ ಎಂಬ ಫ್ರೆಂಚ್ ಅನುವಾದಕ ಅವನ್ನು ಸಿರಿಯಾದ ಅಲೆಪ್ಪೊ ಊರಿನ ಹನ್ನಾ ದಿಯಾಬ್ ಎಂಬುವನ ಬಾಯಿಂದ ಕೇಳಿ, ಪುಸ್ತಕಕ್ಕೆ ಸೇರಿಸಿದ.

ಇಲ್ಲಿ ಹೇಳಹೊರಟಿರುವುದು ಆ ಕತೆಗಳನ್ನಲ್ಲ. ಕಳೆದ ನೂರು ಚಿಲ್ಲರೆ ವರ್ಷಗಳಲ್ಲಿ ಹುಟ್ಟಿದ, ಬಸ್ ಸ್ಟಾಪು, ಬೇಕರಿ, ಆಸ್ಪತ್ರೆಯ ಮಂಚಗಳಿರುವ ಹೊಸ ಅರಬಿ ಸಣ್ಣ ಕತೆಯನ್ನು.

ಮೊದಲು ಒಂದೆರಡು ಪದ

ಸಣ್ಣ ಕತೆಗೆ ಅರಬಿಯಲ್ಲಿ ‘ಕಿಸ್ಸಾ ಕಸೀರಾ’ ಎನ್ನುತ್ತಾರೆ. ಕಸೀರಾ ಅಂದರೆ ಗಿಡ್ಡ, ಸಣ್ಣ. ನಮ್ಮ ‘ಸಣ್ಣ ಕತೆ’ಯ ಹಾಗೆಯೇ ಕಟ್ಟಿದ ಪದ. ಕಿಸ್ಸಾ ಪದದ ಬೇರು ಇನ್ನೂ ಚೆನ್ನಾಗಿದೆ. ಅದೇ ಧಾತುವಿಗೆ ಹೆಜ್ಜೆ ಗುರುತು ಹಿಡಿದು ಹಿಂದೆಯೇ ಹೋಗುವುದು ಎಂಬ ಅರ್ಥವೂ ಇದೆ. ಮರಳಲ್ಲಿ ಒಂಟೆಯ ಜಾಡು ಹಿಡಿಯುವವನ ಕೆಲಸಕ್ಕೂ ಕತೆ ಹೇಳುವವನ ಕೆಲಸಕ್ಕೂ ಒಂದೇ ಮೂಲ.

ಎರಡನೆಯದು ‘ಖಬರ್’. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಅವಂಗ ಖಬರ್ ಇಲ್ಲ’ ಅನ್ನುವಾಗ ಬರುವ ಅದೇ ಖಬರ್. ಹಳೆಯ ಅರಬಿ ಗದ್ಯದಲ್ಲಿ ಖಬರ್ ಅಂದರೆ ಒಂದು ಪುಟ್ಟ ಪ್ರಸಂಗ. ಯಾರೋ ಕಂಡದ್ದು, ಕೇಳಿದ್ದು, ಇಂಥವರಿಂದ ನನಗೆ ತಿಳಿಯಿತು ಎಂದು ಹೇಳಿ ಒಪ್ಪಿಸುವ ವರದಿ. 9ನೇ ಶತಮಾನದಲ್ಲಿ ಇರಾಕಿನ ಬಸ್ರಾದ ಅಲ್ ಜಾಹಿಜ್ ಜಿಪುಣರ ಬಗ್ಗೆ ಬರೆದ ಒಂದಿಡೀ ಪುಸ್ತಕ ತುಂಬಿರುವುದು ಇಂಥ ಪ್ರಸಂಗಗಳಿಂದಲೇ.

ಅಂದರೆ ಅರಬಿಯಲ್ಲಿ ಕತೆಗೆ ಯಾವತ್ತೂ ಬರವಿರಲಿಲ್ಲ. ಕಾಫಿ ಅಂಗಡಿಗಳಲ್ಲಿ ಎತ್ತರದ ಪೀಠದ ಮೇಲೆ ಕೂತು ಕತೆ ಹೇಳುವ ‘ಹಕವಾತಿ’ಗಳಿದ್ದರು. ಹಾಗಾದರೆ ಹೊಸದಾಗಿ ಹುಟ್ಟಿದ್ದಾದರೂ ಏನು?

ಕೇಳುವ ಕತೆ

ಹಳೆಯ ಕತೆಗಳು ಮುಖ್ಯವಾಗಿ ಕಿವಿಗಾಗಿ ಹುಟ್ಟಿದವು. ಇದಕ್ಕೆ ‘ಮಕಾಮಾ’ ಒಳ್ಳೆಯ ಉದಾಹರಣೆ. ಇದನ್ನು ರೂಪಿಸಿದವನು ಅಲ್ ಹಮದಾನಿ. ತೀರಿಕೊಂಡದ್ದು 1008ರಲ್ಲಿ. ನೂರು ವರ್ಷದ ನಂತರ ಬಸ್ರಾದ ಅಲ್ ಹರೀರಿ 50 ಮಕಾಮಾಗಳನ್ನು ಬರೆದು ಅದನ್ನು ಶಿಖರಕ್ಕೆ ಒಯ್ದ.

ಮಕಾಮಾದ ಚೌಕಟ್ಟು ಸರಳ. ಒಬ್ಬ ನಿರೂಪಕ ಊರೂರು ಸುತ್ತುತ್ತಾನೆ. ಪ್ರತಿ ಊರಲ್ಲೂ ಯಾರೋ ಒಬ್ಬ ಮಾತಿನಮಲ್ಲ ಜನರನ್ನು ಮರುಳು ಮಾಡಿ ದುಡ್ಡು ಕೀಳುತ್ತಿರುತ್ತಾನೆ. ಕೊನೆಗೆ ನೋಡಿದರೆ ಹಳೆಯ ಠಕ್ಕನೇ, ಹೊಸ ವೇಷದಲ್ಲಿ. ಇಡೀ ಬರಹ ಪ್ರಾಸಬದ್ಧ ಗದ್ಯ. ತಾಳಮದ್ದಲೆಗೆ ಹೋಗುವವರನ್ನು ನೆನೆಸಿಕೊಳ್ಳಿ. ಮುಂದೇನಾಗುತ್ತದೆ ಅಂತ ತಿಳಿಯಲು ಯಾರೂ ಅಲ್ಲಿಗೆ ಹೋಗುವುದಿಲ್ಲ, ಅಲ್ವಾ? ಕೃಷ್ಣ ಸಂಧಾನದಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಇವತ್ತಿನ ಅರ್ಥಧಾರಿ ಹೇಗೆ ಮಾತಾಡುತ್ತಾನೆ ಅಂತ ಕೇಳಲು ಹೋಗುತ್ತಾರೆ. ಮಕಾಮಾ ಓದುವ ಸುಖವೂ ಅಂಥದ್ದೇ. ಮಾತೇ ಅಲ್ಲಿ ನಾಯಕ.

ನಮಗೂ ನಂಟಿರುವ ಇನ್ನೊಂದು ಹಳೆಯ ಪುಸ್ತಕವಿದೆ. ನಮ್ಮ ಪಂಚತಂತ್ರ ಮೊದಲು ಹಳೆಯ ಪರ್ಷಿಯಾದ ಪಹ್ಲವಿ ಭಾಷೆಗೆ ಹೋಯಿತು. ಅಲ್ಲಿಂದ 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅದನ್ನು ಅರಬಿಗೆ ತಂದ. ಕರಟಕ, ದಮನಕ ಎಂಬ ನರಿಗಳು ಅಲ್ಲಿ ಕಲೀಲಾ, ದಿಮ್ನಾ ಆದವು. ಪುಸ್ತಕದ ಹೆಸರೂ ಅದೇ. ಕನ್ನಡದಲ್ಲಿ ದುರ್ಗಸಿಂಹ ಪಂಚತಂತ್ರ ಬರೆದದ್ದು 1031ರ ಸುಮಾರಿಗೆ. ಅಷ್ಟು ಹೊತ್ತಿಗಾಗಲೇ ಅರಬಿ ಓದುಗರು ಈ ನರಿಗಳ ಜೊತೆ ಎರಡೂವರೆ ಶತಮಾನಕ್ಕಿಂತ ಜಾಸ್ತಿ ಕಾಲ ಕಳೆದಿದ್ದರು.

ಇಷ್ಟೆಲ್ಲ ಇದ್ದರೂ ಈ ಕತೆಗಳಲ್ಲಿ ಒಂದು ಇರಲಿಲ್ಲ. ಬೀದಿಯಲ್ಲಿ ಹೋಗುವ ಒಬ್ಬ ಮಾಮೂಲಿ ಮನುಷ್ಯನ ಮಾಮೂಲಿ ದಿನ. ಅವನು ರಾಜನಲ್ಲ, ಠಕ್ಕನಲ್ಲ, ನರಿಯೂ ಅಲ್ಲ. ಅವನ ಹತ್ತಿರ ನಿಂತು, ಅವನನ್ನು ಸುಮ್ನೆ ನೋಡುವ ಕತೆ ಇನ್ನೂ ಹುಟ್ಟಿರಲಿಲ್ಲ.

ಅಚ್ಚು, ಪತ್ರಿಕೆ, ಹೊಸ ಓದುಗ

1798ರಲ್ಲಿ ನೆಪೋಲಿಯನ್ ಸೈನ್ಯ ಈಜಿಪ್ಟಿಗೆ ಬಂತು. ಮೂರು ವರ್ಷದಲ್ಲಿ ಫ್ರೆಂಚರು ವಾಪಸ್ಸು ಹೋದರು. ನಂತರ ಅಧಿಕಾರಕ್ಕೆ ಬಂದ ಮಹಮ್ಮದ್ ಅಲಿಗೆ ಯುರೋಪಿನ ವಿದ್ಯೆ ಬೇಕಿತ್ತು. ಅವನು 1820ರ ಸುಮಾರಿಗೆ ಕೈರೋದ ಬೂಲಾಕ್‌ನಲ್ಲಿ ಸರ್ಕಾರಿ ಅಚ್ಚುಕೂಟ ಕಟ್ಟಿಸಿದ. 1826ರಲ್ಲಿ ವಿದ್ಯಾರ್ಥಿಗಳ ತಂಡವೊಂದನ್ನು ಪ್ಯಾರಿಸಿಗೆ ಕಳಿಸಿದ. ಅನುವಾದ ಶುರುವಾಯಿತು. ‘ಸಾವಿರದೊಂದು ರಾತ್ರಿ’ ಬೂಲಾಕ್‌ನಲ್ಲಿ ಅಚ್ಚಾದದ್ದು 1835ರಲ್ಲಿ.

ಸಣ್ಣ ಕತೆಯ ನಿಜವಾದ ತವರು ಮಾತ್ರ ಪತ್ರಿಕೆ. ಬೈರೂತಿನಲ್ಲಿ 1870ರಲ್ಲಿ ‘ಅಲ್ ಜಿನಾನ್’ ಶುರುವಾಯಿತು. ಅಲೆಕ್ಸಾಂಡ್ರಿಯಾದಲ್ಲಿ ಲೆಬನಾನಿನ ಇಬ್ಬರು ಅಣ್ಣತಮ್ಮಂದಿರು 1875ರಲ್ಲಿ ‘ಅಲ್ ಅಹ್ರಾಮ್’ ಸ್ಥಾಪಿಸಿದರು. ಕೈರೋದಲ್ಲಿ 1892ರಲ್ಲಿ ‘ಅಲ್ ಹಿಲಾಲ್’ ಬಂತು. ಪತ್ರಿಕೆಗೆ ಒಂದು ಪುಟ, ಎರಡು ಪುಟದ ಕತೆ ಬೇಕು. ಹಕವಾತಿಯ ಕತೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಪತ್ರಿಕೆಯ ಓದುಗನಿಗೆ ಅಷ್ಟು ಪುರುಸೊತ್ತಿಲ್ಲ. ಅವನು ಶಾಲೆ ಕಲಿತು ಸರ್ಕಾರಿ ಕಚೇರಿ ಸೇರಿದ ‘ಎಫೆಂದಿ’. ಟ್ರಾಮಿನಲ್ಲಿ, ರೈಲಿನಲ್ಲಿ ಒಬ್ಬನೇ, ಬಾಯಿಬಿಡದೆ ಓದುತ್ತಾನೆ. ಕತೆ ಕಿವಿಯಿಂದ ಕಣ್ಣಿಗೆ ಬಂದದ್ದು ಇಲ್ಲಿ.

ದಾರಿ ನೇರವಾಗೇನೂ ಇರಲಿಲ್ಲ. ಮುವೈಲಿಹಿ ಎಂಬ ಪತ್ರಕರ್ತ ಮಕಾಮಾದ ಹಳೆಯ ನಿರೂಪಕನನ್ನೇ ಹಿಡಿದು ತಂದು, ಸಮಾಧಿಯಿಂದ ಎದ್ದ ಒಬ್ಬ ಪಾಶಾನ, ಅಂದರೆ ಹಳೆಯ ಕಾಲದ ದೊಡ್ಡ ಅಧಿಕಾರಿಯ, ಜೊತೆ ಹೊಸ ಕೈರೋ ತುಂಬ ಸುತ್ತಾಡಿಸಿದ. ಅದು 1907ರಲ್ಲಿ ಪುಸ್ತಕವಾಯಿತು. ಇನ್ನೊಂದು ಕಡೆ ಮನ್‌ಫಲೂತಿ. ಅವನಿಗೆ ಫ್ರೆಂಚ್ ಬರುತ್ತಿರಲಿಲ್ಲ. ಬಲ್ಲವರು ಫ್ರೆಂಚ್ ಕತೆಗಳನ್ನು ಅರಬಿಗೆ ತಂದುಕೊಟ್ಟರೆ, ಅವನು ಅವನ್ನು ತನ್ನ ಸೊಗಸಾದ ಅರಬಿಯಲ್ಲಿ ಹೊಸದಾಗಿ ಬರೆಯುತ್ತಿದ್ದ. 1915ರ ಸಂಕಲನದ ಹೆಸರೇ ‘ಕಂಬನಿಗಳು’. ಒಂದು ತಲೆಮಾರು ಅದನ್ನು ಓದಿ ಅತ್ತಿತು. ಮನ್‌ಫಲೂತಿಯನ್ನು ಬರೀ ಅಳುಬುರುಕ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಗದ್ಯ ಓದಿ ಮನಸ್ಸು ಕಲಕಬಹುದು ಎಂದು ಸಾವಿರಾರು ಜನರಿಗೆ ರೂಢಿ ಮಾಡಿಸಿದ್ದು ಅವನೇ.

1917ರ ರೈಲು

ಮೊದಲ ಅರಬಿ ಸಣ್ಣ ಕತೆ ಯಾವುದು? ಲೆಬನಾನಿನ ಮಿಖಾಯಿಲ್ ನುಐಮಿ 1914ರಲ್ಲಿ ಬರೆದ ‘ಅವಳ ಹೊಸ ವರ್ಷ’ ಎನ್ನುವವರಿದ್ದಾರೆ. ಏಳು ಹೆಣ್ಣುಮಕ್ಕಳ ಅಪ್ಪನಾದ ಊರ ಯಜಮಾನನೊಬ್ಬ ಗಂಡು ಮಗುವಿಗಾಗಿ ಕಾಯುವ, ಮತ್ತೆ ಹೆಣ್ಣೇ ಹುಟ್ಟಿದಾಗ ಮಾಡಬಾರದ್ದನ್ನು ಮಾಡುವ ಕತೆ ಅದು. ನುಐಮಿ ನಜರೆತ್‌ನ ರಷ್ಯನ್ ಶಾಲೆಯಲ್ಲಿ ಓದಿ, ಮುಂದೆ ಈಗಿನ ಉಕ್ರೇನಿನ ಪೋಲ್ತಾವಾದಲ್ಲಿ ಕಲಿತವನು. ರಷ್ಯನ್ ಕತೆಗಳ ಗಾಳಿ ಅರಬಿಗೆ ಬೀಸಿದ ಒಂದು ಕಿಟಕಿ ಅದು.

ಹೆಚ್ಚು ವಿಮರ್ಶಕರು ಬೆರಳು ತೋರಿಸುವುದು 1917ರ ‘ರೈಲಿನಲ್ಲಿ’ ಕತೆಯ ಕಡೆಗೆ. ಬರೆದವನು ಕೈರೋದ ಮಹಮ್ಮದ್ ತೈಮೂರ್. ಕತೆಯಲ್ಲಿ ನಡೆಯುವುದು ಏನೂ ಇಲ್ಲ ಅಂದರೂ ನಡೆದೀತು. ರೈಲು ಡಬ್ಬಿಯಲ್ಲಿ ಕೆಲವರು ಕೂತಿದ್ದಾರೆ. ಒಬ್ಬ ಶೇಖ್, ಒಬ್ಬ ಎಫೆಂದಿ, ಒಬ್ಬ ಹಳ್ಳಿಯ ಮುಖ್ಯಸ್ಥ, ಒಬ್ಬ ವಿದ್ಯಾರ್ಥಿ, ಕಾಕಸಸ್ ಮೂಲದ ಒಬ್ಬ ಸರ್ಕೇಷಿಯನ್ ದೊಡ್ಡಮನುಷ್ಯ. ರೈತರ ಮಕ್ಕಳಿಗೆ ಓದು ಕಲಿಸಬೇಕೇ ಎಂಬ ಮಾತು ಬರುತ್ತದೆ. ರೈತನಿಗೆ ಚಾಟಿಯೇ ಮದ್ದು ಎನ್ನುತ್ತಾನೆ ಸರ್ಕೇಷಿಯನ್. ವಿದ್ಯಾರ್ಥಿ ಕೆರಳುತ್ತಾನೆ. ರೈಲು ಓಡುತ್ತದೆ. ಅಷ್ಟೇ.

ಆದರೆ ಡಬ್ಬಿಯೊಳಗೆ ಇಡೀ ಈಜಿಪ್ಟ್ ಕೂತಿದೆ. ಪ್ರಾಸವಿಲ್ಲ, ಪವಾಡವಿಲ್ಲ. ನಿರೂಪಕ ಮೂಲೆಯಲ್ಲಿ ಕೂತು ನೋಡುತ್ತಾನೆ. ತೈಮೂರ್ ತನ್ನ ಕತೆಗಳ ಸಾಲಿಗೆ ಇಟ್ಟ ಹೆಸರೂ ‘ಕಣ್ಣು ಕಾಣುವುದು’. 1921ರಲ್ಲಿ, ಮೂವತ್ತು ತುಂಬುವ ಮೊದಲೇ, ಅವನು ತೀರಿಕೊಂಡ. ಕೆಲಸವನ್ನು ತಮ್ಮ ಮಹಮೂದ್ ತೈಮೂರ್ ಮುಂದುವರಿಸಿದ.

1919ರಲ್ಲಿ ಬ್ರಿಟಿಷರ ವಿರುದ್ಧ ಈಜಿಪ್ಟ್ ಎದ್ದು ನಿಂತಿತ್ತು. ನಮ್ಮ ಜನ ಯಾರು, ಹೇಗಿದ್ದಾರೆ ಎಂದು ಬರೆಯುವ ಹಂಬಲ ಹೆಚ್ಚಿತು. ಕೈರೋದಲ್ಲಿ ‘ಹೊಸ ಪಂಥ’ದ ಗೆಳೆಯರು 1925ರಲ್ಲಿ ‘ಅಲ್ ಫಜ್ರ್’ ಎಂಬ ಪತ್ರಿಕೆ ತಂದರು. ಫಜ್ರ್ ಅಂದರೆ ಮುಂಜಾವು. ಗೊಗೊಲ್, ಚೆಕಾಫ್, ತುರ್ಗೆನೆವ್ ಅವರ ಪ್ರೀತಿಯ ಲೇಖಕರು. ತಾಹಿರ್ ಲಾಶೀನ್, ಯಹ್ಯಾ ಹಕ್ಕಿ ಈ ಗುಂಪಿನಿಂದ ಬಂದವರು.

ಪಾತ್ರಗಳು ಯಾವ ಅರಬಿ ಮಾತಾಡಬೇಕು?

ಇದು ಅರಬಿ ಕತೆಗಾರರನ್ನು ತುಂಬ ಕಾಡಿದ ಪ್ರಶ್ನೆ. ಅರ್ಥವಾಗಬೇಕಾದರೆ ಸ್ವಲ್ಪ ನಿಂತು ನೋಡಬೇಕು.

ಬರೆಯುವ, ಭಾಷಣ ಮಾಡುವ, ಶಾಲೆಯಲ್ಲಿ ಕಲಿಯುವ ಅರಬಿಗೆ ‘ಫುಸ್‌ಹಾ’ ಎನ್ನುತ್ತಾರೆ. ಇದು ಎಲ್ಲ ಅರಬ್ ದೇಶಗಳಿಗೂ ಒಂದೇ. ಮನೆಯಲ್ಲಿ, ಸಂತೆಯಲ್ಲಿ ಆಡುವುದು ‘ಆಮ್ಮಿಯಾ’. ನಮ್ಮ ‘ಆಮ್ ಜನ’ದಲ್ಲಿರುವ ಆಮ್ ಪದದ ಬಳಗವೇ ಅದು. ಇದು ದೇಶದಿಂದ ದೇಶಕ್ಕೆ ಬೇರೆ. ‘ಏನು ಬೇಕು?’ ಎಂದು ಕೇಳುವುದನ್ನೇ ನೋಡಿ. ಫುಸ್‌ಹಾದಲ್ಲಿ ‘ಮಾದಾ ತುರೀದ್’. ಕೈರೋದಲ್ಲಿ ‘ಆಯಿಜ್ ಏ’. ಬೈರೂತಿನಲ್ಲಿ ‘ಶೂ ಬಿದ್ದಕ್’. ಮೊರಾಕ್ಕೊದಲ್ಲಿ ‘ಶ್ನು ಬ್ಘೀತಿ’. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೇಳಿಸುತ್ತವೆ.

ಧಾರವಾಡ, ಕುಂದಾಪುರ, ಮೈಸೂರಿನ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ಇರುವ ಅಂತರ ಇದರ ಮುಂದೆ ಕಡಿಮೆಯೇ. ಪಂಪನ ಕನ್ನಡವೇ ಇಂದಿಗೂ ಶಾಲೆಯ, ಪತ್ರಿಕೆಯ ಕನ್ನಡವಾಗಿ ಉಳಿದಿದ್ದು, ಮನೆಯಲ್ಲಿ ಮಾತ್ರ ಈಗಿನಂತೆ ಮಾತಾಡುತ್ತಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿ. ಆಗ ಒಬ್ಬ ಹಾಲು ಮಾರುವವನ ಮಾತನ್ನು ಕತೆಯಲ್ಲಿ ಹೇಗೆ ಬರೆಯುತ್ತೀರಿ?

ಆಮ್ಮಿಯಾದಲ್ಲಿ ಬರೆದರೆ ಪಾತ್ರಕ್ಕೆ ಜೀವ ಬರುತ್ತದೆ. ಆದರೆ ಕೈರೋದ ಕತೆ ಬಾಗ್ದಾದಿನವನಿಗೆ ಪೂರ್ತಿ ತಿಳಿಯದೆ ಹೋಗಬಹುದು. ಜೊತೆಗೆ ಫುಸ್‌ಹಾ ಕುರಾನಿನ ಅರಬಿಗೆ ಹತ್ತಿರದ್ದು. ಅದನ್ನು ಬಿಡುವುದೆಂದರೆ ಬರೀ ಶೈಲಿಯ ಮಾತಲ್ಲ. ಮಹಮೂದ್ ತೈಮೂರ್ ಶುರುವಿನಲ್ಲಿ ಪಾತ್ರಗಳ ಬಾಯಲ್ಲಿ ಆಮ್ಮಿಯಾ ಆಡಿಸಿದ. ನಂತರ ಮನಸ್ಸು ಬದಲಿಸಿ ಹಳೆಯ ಕತೆಗಳನ್ನೇ ಫುಸ್‌ಹಾದಲ್ಲಿ ತಿದ್ದಿ ಬರೆದ. ಈಜಿಪ್ಟಿನ ಇನ್ನೊಬ್ಬ ಕತೆಗಾರ ನಗೀಬ್ ಮಹ್ಫೂಜ್ ಕೊನೆಯವರೆಗೂ ಫುಸ್‌ಹಾ ಬಿಡಲಿಲ್ಲ. ಅಲ್ಲಿಯವನೇ ಆದ ಕತೆಗಾರ ಯೂಸುಫ್ ಇದ್ರಿಸ್ ಬೀದಿಯ ಮಾತನ್ನೇ ಹಿಡಿದ. 1956ರಲ್ಲಿ ಇದ್ರಿಸ್‌ನ ಎರಡನೆಯ ಸಂಕಲನಕ್ಕೆ ಮುನ್ನುಡಿ ಬರೆದ ಹಿರಿಯ ವಿದ್ವಾಂಸ ತಾಹಾ ಹುಸೇನ್ ಅವನನ್ನು ಬಾಯ್ತುಂಬ ಹೊಗಳಿದರು. ಹಾಗೆಯೇ, ಫುಸ್‌ಹಾದ ಕಡೆ ಇನ್ನಷ್ಟು ಕಾಳಜಿ ಇರಲಿ ಎಂದೂ ಹೇಳಿದರು. ಇದ್ರಿಸ್ ದಾರಿ ಬದಲಿಸಲಿಲ್ಲ.

ಒಂದು ತಟ್ಟೆ, ಒಂದು ಚೆಂಡು

ಯೂಸುಫ್ ಇದ್ರಿಸ್ (1927–1991) ಡಾಕ್ಟರು. ಬಡ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಕಂಡ ಜನರನ್ನು ಬರೆದವನು. ಮೊದಲ ಸಂಕಲನ ‘ಅತಿ ಅಗ್ಗದ ರಾತ್ರಿಗಳು’ 1954ರಲ್ಲಿ ಬಂತು. ರಾಜ ಫಾರೂಕನನ್ನು ಸೇನಾಧಿಕಾರಿಗಳು ಇಳಿಸಿ ಎರಡು ವರ್ಷವಾಗಿತ್ತು.

ಹೆಸರಿನ ಕತೆಯಲ್ಲಿ ಅಬ್ದುಲ್ ಕರೀಮ್ ಎಂಬ ಹಳ್ಳಿಗ ರಾತ್ರಿ ನಮಾಜು ಮುಗಿಸಿ ಹೊರಬರುತ್ತಾನೆ. ಯಾರೋ ಕುಡಿಸಿದ ಕಡಕ್ ಚಹಾದಿಂದ ನಿದ್ದೆ ಹಾರಿಹೋಗಿದೆ. ಎಲ್ಲಾದರೂ ಹೋಗೋಣವೆಂದರೆ ಕಿಸೆಯಲ್ಲಿ ಕಾಸಿಲ್ಲ. ದಾರಿ ತುಂಬ ಮಕ್ಕಳು, ಕಾಲಿಗೆ ಅಡರುತ್ತವೆ. ಎಲ್ಲಿಂದ ಹುಟ್ಟುತ್ತವೆ ಇಷ್ಟು ಮಕ್ಕಳು ಎಂದು ಬೈಯುತ್ತಾನೆ. ಕೊನೆಗೆ ದುಡ್ಡಿಲ್ಲದವನಿಗೆ ಉಳಿದ ಜಾಗ ಮನೆ. ಕತ್ತಲಲ್ಲಿ ಮಲಗಿದ ತನ್ನ ಆರು ಮಕ್ಕಳನ್ನು ದಾಟಿ ಹೆಂಡತಿಯ ಹತ್ತಿರ ಹೋಗುತ್ತಾನೆ. ತಿಂಗಳುಗಳ ನಂತರ ಊರಿಗೆ ಇನ್ನೊಂದು ಮಗು ಬರುತ್ತದೆ. ಬಡತನದ ಬಗ್ಗೆ ಒಂದು ಸಾಲಿನ ಉಪದೇಶವೂ ಇಲ್ಲ.

ನನಗೆ ಇದಕ್ಕಿಂತ ಹತ್ತಿರವಾದದ್ದು ಅದೇ ಪುಸ್ತಕದ ‘ನಜ್ರಾ’. ಒಂದು ನೋಟ. ನಾವು ‘ನಜರು’ ಅನ್ನುತ್ತೇವಲ್ಲ, ಅದೇ ಪದ. ಒಂದೆರಡು ಪುಟದ ಕತೆ. ಮನೆಕೆಲಸದ ಪುಟ್ಟ ಹುಡುಗಿ ದಾರಿಹೋಕನೊಬ್ಬನನ್ನು ನಿಲ್ಲಿಸಿ, ತಲೆ ಮೇಲಿನ ಹೊರೆ ಸರಿ ಮಾಡಿಕೊಡಿ ಎನ್ನುತ್ತಾಳೆ. ಬೇಕರಿಯ ಒಲೆಯಲ್ಲಿ ಬೇಯಿಸಿ ತಂದ ಆಲೂಗಡ್ಡೆಯ ತಟ್ಟೆ, ಅದರ ಮೇಲೆ ಇನ್ನೊಂದು ಅಗಲ ತಗಡು, ತಗಡಿನ ತುಂಬ ತಿಂಡಿ. ಅವನು ಹೊರೆಯನ್ನು ಅಲುಗದಂತೆ ಕೂರಿಸುತ್ತಾನೆ. ಹುಡುಗಿ ಹೊರಡುತ್ತಾಳೆ. ಕಡ್ಡಿಯಂಥ ಕಾಲು, ಮೇಲೆ ಆ ಭಾರ. ವಾಹನಗಳ ನಡುವೆ ರಸ್ತೆ ದಾಟುತ್ತಾಳೆ. ಇವನ ಎದೆ ಹೊಡೆದುಕೊಳ್ಳುತ್ತದೆ. ದಾಟಿದ ಮೇಲೆ ಅವಳು ಇದ್ದಕ್ಕಿದ್ದಂತೆ ನಿಲ್ಲುತ್ತಾಳೆ. ಏನಾಯಿತು ಎಂದು ನೋಡಿದರೆ, ಅಲ್ಲಿ ಅವಳ ವಯಸ್ಸಿನ ಮಕ್ಕಳು ರಬ್ಬರ್ ಚೆಂಡಿನಲ್ಲಿ ಆಡುತ್ತಿವೆ. ನೋಡುತ್ತಾಳೆ. ಮುಂದೆ ನಡೆಯುತ್ತಾಳೆ. ಓಣಿಯ ತಿರುವಿನಲ್ಲಿ ಹೊರೆಯ ಸಮೇತ ತಿರುಗಿ ಇನ್ನೊಮ್ಮೆ, ತುಂಬ ಹೊತ್ತು ನೋಡುತ್ತಾಳೆ. ಓಣಿ ಅವಳನ್ನು ನುಂಗುತ್ತದೆ.

ಮಕಾಮಾದಿಂದ ಇಲ್ಲಿಯವರೆಗೆ ಸಾವಿರ ವರ್ಷ. ಅಲ್ಲಿ ಮಾತು ಬಲ್ಲವನೇ ಎಲ್ಲ. ಇಲ್ಲಿ ಹುಡುಗಿ ಆಡುವುದು ಒಂದೆರಡು ಮಾತು. ಉಳಿದದ್ದೆಲ್ಲ ಅವಳ ಕಣ್ಣು, ಅವಳನ್ನು ನೋಡುವವನ ಕಣ್ಣು.

ಎರಡು ಯುದ್ಧಗಳ ಗಾಯ

ಅರಬಿ ಕತೆ ಓದುವವರಿಗೆ ಎರಡು ಪದ ಗೊತ್ತಿರಲೇಬೇಕು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ಲಕ್ಷಾಂತರ ಪ್ಯಾಲೆಸ್ಟೀನಿಯರು ಮನೆ, ಊರು ಕಳೆದುಕೊಂಡರು. ಅದಕ್ಕೆ ‘ನಕ್ಬಾ’ ಎನ್ನುತ್ತಾರೆ, ಮಹಾವಿಪತ್ತು. 1967ರ ಜೂನ್‌ನಲ್ಲಿ ಆರೇ ದಿನದ ಯುದ್ಧದಲ್ಲಿ ಈಜಿಪ್ಟ್, ಸಿರಿಯಾ, ಜೋರ್ಡಾನ್ ಸೋತವು. ಅದು ‘ನಕ್ಸಾ’, ಹಿನ್ನಡೆ.

ನಕ್ಬಾದ ಮಗು ಘಸ್ಸಾನ್ ಕನಫಾನಿ. ಪ್ಯಾಲೆಸ್ಟೀನಿನ ಅಕ್ಕಾ ಊರಿನಲ್ಲಿ 1936ರಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೆ ನಿರಾಶ್ರಿತನಾದವನು. 1956ರ ‘ಗಾಜಾದಿಂದ ಒಂದು ಕಾಗದ’ ಕತೆಯಲ್ಲಿ ಒಬ್ಬ ಯುವಕ ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯನಿಗೆ ಬರೆಯುತ್ತಾನೆ. ಅವನೂ ಅಲ್ಲಿಗೇ ಹೋಗಬೇಕಿತ್ತು, ಎಲ್ಲ ತಯಾರಾಗಿತ್ತು. ಹೊರಡುವ ಮೊದಲು ಆಸ್ಪತ್ರೆಯಲ್ಲಿರುವ ಅಣ್ಣನ ಮಗಳು ನಾದಿಯಾಳನ್ನು ನೋಡಲು ಹೋಗುತ್ತಾನೆ. ಹದಿಮೂರರ ಹುಡುಗಿ. ನೀನು ಕೇಳಿದ ಕೆಂಪು ಪ್ಯಾಂಟು ತಂದಿದ್ದೀನಿ ಎನ್ನುತ್ತಾನೆ. ಅವಳು ಹೊದಿಕೆ ಸರಿಸುತ್ತಾಳೆ. ತೊಡೆಯಿಂದ ಕೆಳಗೆ ಒಂದು ಕಾಲಿಲ್ಲ. ಬಾಂಬು ಬಿದ್ದಾಗ ತಮ್ಮ ತಂಗಿಯರ ಮೇಲೆ ಬಿದ್ದು ಅವರನ್ನು ಕಾಪಾಡಿದ್ದಳು. ನಾನು ಬರುವುದಿಲ್ಲ ಎಂದು ಗೆಳೆಯನಿಗೆ ಬರೆಯುತ್ತಾನೆ. ಬರೆದು ಎಪ್ಪತ್ತು ವರ್ಷವಾಗುತ್ತಾ ಬಂದಿರುವ ಈ ಕತೆಯನ್ನು ಈಗ ಓದುವಾಗ ಕೈ ನಡುಗುತ್ತದೆ. ಕನಫಾನಿಯನ್ನು 1972ರ ಜುಲೈ 8ರಂದು ಬೈರೂತಿನಲ್ಲಿ ಕಾರಿಗೆ ಬಾಂಬು ಇಟ್ಟು ಕೊಂದರು. ಅವನ ಜೊತೆ ಅಕ್ಕನ ಮಗಳು ಲಮೀಸ್ ಕೂಡ ಸತ್ತಳು.

ನಕ್ಸಾದ ನಂತರ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಲದು ಎಂದು ಅನೇಕರಿಗೆ ಅನ್ನಿಸಿತು. 1988ರಲ್ಲಿ ನೊಬೆಲ್ ಪಡೆದ ಮಹ್ಫೂಜ್, ಯುದ್ಧವಾದ ಕೆಲವೇ ತಿಂಗಳಲ್ಲಿ ವಿಚಿತ್ರ ಕತೆಗಳನ್ನು ಬರೆದ. ‘ಬಸ್ ತಂಗುದಾಣದ ಕೆಳಗೆ’ ಅಂಥದ್ದು. ಮಳೆಯಲ್ಲಿ ಬಸ್ಸಿಗೆ ಕಾಯುತ್ತಿರುವವರ ಎದುರೇ ಕಳ್ಳನನ್ನು ಜನ ಅಟ್ಟಿಸಿಕೊಂಡು ಬರುತ್ತಾರೆ, ಕಾರುಗಳು ಡಿಕ್ಕಿ ಹೊಡೆಯುತ್ತವೆ, ಕೊಲೆಗಳಾಗುತ್ತವೆ. ಸಿನಿಮಾ ಶೂಟಿಂಗ್ ಇರಬೇಕು ಎಂದುಕೊಂಡು ಎಲ್ಲರೂ ನೋಡುತ್ತಾ ನಿಲ್ಲುತ್ತಾರೆ. ಪೊಲೀಸಿನವನೂ ಸುಮ್ಮನಿದ್ದಾನೆ. ಕಡೆಗೆ ಅವನು ಬಂದು ಇವರ ಗುರುತಿನ ಚೀಟಿ ಕೇಳುತ್ತಾನೆ. ಗುಂಡು ಹಾರಿಸುತ್ತಾನೆ. ಇಲ್ಲಿ ನೋಟವೇ ತಪ್ಪಾಗಿದೆ. ಸುಮ್ಮನೆ ನೋಡುತ್ತಾ ನಿಂತವರಿಗೂ ಪಾರಿಲ್ಲ.

ಡಮಾಸ್ಕಸ್ಸಿನ ಜಕರಿಯಾ ತಾಮರ್ ಹದಿಮೂರಕ್ಕೇ ಶಾಲೆ ಬಿಟ್ಟು ಕಮ್ಮಾರಿಕೆ ಮಾಡಿದವನು. 1978ರ ‘ಹತ್ತನೇ ದಿನದ ಹುಲಿಗಳು’ ಕತೆಯಲ್ಲಿ ಹುಲಿಯನ್ನು ಪಳಗಿಸುವವನು ಚಾಟಿ ಎತ್ತುವುದಿಲ್ಲ, ಹಸಿವಿನಿಂದ ಕೆಡಹುತ್ತಾನೆ. ದಿನಕ್ಕೊಂದು ಮೆಟ್ಟಿಲು ಇಳಿದು ಹುಲಿ ಕೊನೆಗೆ ಹುಲ್ಲು ತಿನ್ನುತ್ತದೆ. ಹತ್ತನೇ ದಿನ ಹುಲಿ ನಾಗರಿಕನಾಗುತ್ತದೆ, ಬೋನು ನಗರವಾಗುತ್ತದೆ. ಪಂಚತಂತ್ರದ ಪ್ರಾಣಿ ಮತ್ತೆ ಬಂದಿದೆ, ಆದರೆ ಈಗ ನೀತಿ ಹೇಳಲು ಅಲ್ಲ. ನೇರವಾಗಿ ಹೇಳಿದರೆ ಜೈಲು ಕಾಣಬೇಕಾದ ಕಡೆ ಕತೆಗೆ ಇಂಥ ಮರೆ ಬೇಕಾಗುತ್ತದೆ.

ಹೆಂಗಸರು ಬರೆದಾಗ

ಇಲ್ಲಿಯವರೆಗೆ ಬಂದ ಕತೆಗಾರರೆಲ್ಲ ಗಂಡಸರೇ. ಹೆಂಗಸರು ಬರೆಯಲಿಲ್ಲವೆಂದಲ್ಲ. ಪ್ಯಾಲೆಸ್ಟೀನಿನ ಸಮೀರಾ ಅಜ್ಜಾಮ್ 1954ರಲ್ಲಿ, ಇದ್ರಿಸ್ ಬಂದ ವರ್ಷವೇ, ‘ಸಣ್ಣ ಸಂಗತಿಗಳು’ ತಂದರು. ಲೆಬನಾನಿನ ಲೈಲಾ ಬಅಲಬಕ್ಕಿ ಹೆಣ್ಣಿನ ಬಯಕೆಯನ್ನು ಬರೆದದ್ದಕ್ಕೆ 1964ರಲ್ಲಿ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ಕೊನೆಗೆ ಖುಲಾಸೆಯಾದರು. ಈಜಿಪ್ಟಿನ ಅಲೀಫಾ ರಿಫಾತ್ ಅವರ ಗಂಡ ಪ್ರಕಟಿಸಲು ಬಿಡದೆ ಅವರು ವರ್ಷಗಟ್ಟಲೆ ಸುಮ್ಮನಿರಬೇಕಾಯಿತು. ಧಾರ್ಮಿಕ ಶ್ರದ್ಧೆಯ ಹೆಂಗಸಾಗಿದ್ದುಕೊಂಡೇ, ಮಲಗುವ ಕೋಣೆಯ ಒಂಟಿತನವನ್ನು ಅವರಷ್ಟು ನಿರ್ಭಯವಾಗಿ ಬರೆದವರು ಕಡಿಮೆ. ಬಾನು ಮುಷ್ತಾಕ್ ಅವರನ್ನು ಓದಿದವರಿಗೆ ಈ ದನಿ ಅಪರಿಚಿತವೆನಿಸದು.

ಈಗ

ಕುವೈತ್‌ನಲ್ಲಿ ಅರಬಿ ಸಣ್ಣ ಕತೆಗಾಗಿಯೇ ‘ಅಲ್ ಮುಲ್ತಕಾ’ ಎಂಬ ಪ್ರಶಸ್ತಿ ಇದೆ. 2016ರಲ್ಲಿ ಮೊದಲ ಸಲ ಮಾಜಿನ್ ಮಅರೂಫ್ ಎಂಬ ಪ್ಯಾಲೆಸ್ಟೀನಿ ಮೂಲದ ಲೇಖಕನಿಗೆ ಸಂದಿತು. ಅದಕ್ಕೂ ಮೊದಲು, 2014ರಲ್ಲಿ, ಫಿನ್ಲೆಂಡಿನಲ್ಲಿ ನೆಲೆಸಿದ ಇರಾಕಿನ ಹಸನ್ ಬ್ಲಾಸಿಮ್ ಅವರ ಕತೆಗಳಿಗೆ ಇಂಗ್ಲೆಂಡಿನಲ್ಲಿ ಅನುವಾದಿತ ಕೃತಿಗಳಿಗೆ ಕೊಡುತ್ತಿದ್ದ ದೊಡ್ಡ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿಯೇ ಮುಂದೆ ಅಂತರರಾಷ್ಟ್ರೀಯ ಬೂಕರ್ ಜೊತೆ ಸೇರಿಹೋಯಿತು. ಹಾಗಾಗಿ ಬೂಕರ್ ಹೊಸ್ತಿಲಲ್ಲಿ ಕನ್ನಡದ ಸಣ್ಣ ಕತೆ ನಿಲ್ಲುವ ಹನ್ನೊಂದು ವರ್ಷ ಮೊದಲು ಅರಬಿಯ ಸಣ್ಣ ಕತೆ ಪಕ್ಕದ ಬಾಗಿಲಲ್ಲಿ ಬಂದು ನಿಂತಿತ್ತು.

ಒಂದೇ ಒಂದು ಕತೆ ಓದುತ್ತೇನೆ, ಯಾವುದು ಅಂತ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಸುಡಾನಿನ ತಯೆಬ್ ಸಾಲಿಹ್ ಬರೆದ ‘ಒಂದು ಹಿಡಿ ಖರ್ಜೂರ’ ಎನ್ನುತ್ತೇನೆ. ನೈಲ್ ನದಿ ದಂಡೆಯ ಹಳ್ಳಿ. ಹುಡುಗನಿಗೆ ತಾತ ಅಂದರೆ ಪ್ರಾಣ. ಪಕ್ಕದ ಮಸೂದನ ಜಮೀನು ಒಂದೊಂದೇ ತುಂಡಾಗಿ ತಾತನ ಕೈಸೇರಿದ್ದು ಅವನಿಗೆ ಅಂದೇ ತಿಳಿಯುತ್ತದೆ. ಮಸೂದನ ಮರಗಳ ಖರ್ಜೂರ ಇಳಿಸುತ್ತಾರೆ. ಮರದ ಹೃದಯ ಕಡಿಯಬೇಡ, ಹುಷಾರು ಎಂದು ಮಸೂದ ಮೇಲೆ ಹತ್ತಿದವನಿಗೆ ಕೂಗುತ್ತಾನೆ. ಮೂವತ್ತು ಮೂಟೆ ಆಗುತ್ತದೆ. ಸಾಲ ಕೊಟ್ಟವರೆಲ್ಲ ಹಂಚಿಕೊಳ್ಳುತ್ತಾರೆ. ತಾತ ಐದು ಮೂಟೆ ತಗೊಳ್ಳುತ್ತಾನೆ, ಇನ್ನೂ ಐವತ್ತು ಪೌಂಡು ಬಾಕಿ ಇದೆ ಎನ್ನುತ್ತಾನೆ. ಮಸೂದನಿಗೆ ಏನೂ ಉಳಿಯುವುದಿಲ್ಲ. ಹುಡುಗನ ಬಾಯಲ್ಲಿ ಒಂದು ಹಿಡಿ ಖರ್ಜೂರವಿದೆ. ಅವನು ಓಡುತ್ತಾನೆ. ಹಿಂದಿನಿಂದ ತಾತ ಕರೆಯುತ್ತಾನೆ. ನಿಲ್ಲುವುದಿಲ್ಲ. ನದಿ ದಂಡೆಗೆ ಬಂದು, ಗಂಟಲಿಗೆ ಬೆರಳು ಹಾಕಿ, ತಿಂದದ್ದನ್ನೆಲ್ಲ ಕಕ್ಕಿಬಿಡುತ್ತಾನೆ.